ಹಕ್ಕಿ ಎಣಿಸಿದ್ರೆ ಕೆರೆಗೆ ನೀರು ಬರುತ್ತಾ?

ಏರಿ ಮೇಷ್ಟ್ರು · ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ತುಮಕೂರು ಜಿಲ್ಲೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮೂರು ವರ್ಷದಿಂದ ಭಾನುವಾರ ಬೆಳಿಗ್ಗೆ ಎಂಟು ಹತ್ತು ಮಕ್ಕಳನ್ನು ಕಟ್ಟಿಕೊಂಡು ಊರ ಕೆರೆ ಏರಿ ಮೇಲೆ ನಡೆಯುತ್ತೇನೆ. ತೂಬಿನಿಂದ ಕೋಡಿವರೆಗೆ, ಸುಮಾರು ಮುಕ್ಕಾಲು ಗಂಟೆ. ಕಂಡ ಹಕ್ಕಿ, ಕೂಗು ಕೇಳಿದ ಹಕ್ಕಿ ಎಲ್ಲ ಎಣಿಸಿ ಇ-ಬರ್ಡ್ ಆ್ಯಪಿಗೆ ಹಾಕುತ್ತೇವೆ. ಒಂದು ಬೈನಾಕ್ಯುಲರ್, ನನ್ನ ಫೋನು, ಒಂದು ನೂರು ಪುಟದ ನೋಟ್‌ಬುಕ್ಕು. ಇಷ್ಟೇ ಬಂಡವಾಳ.

ಹೋದ ವಾರ ಅರಳಿಕಟ್ಟೆ ಮೇಲೆ ಕೂತಿದ್ದ ಗೌಡರೊಬ್ಬರು ಕರೆದು ಕೇಳಿದರು. "ಮೇಷ್ಟ್ರೇ, ಮೂರು ವರ್ಷದಿಂದ ಎಣಿಸ್ತಾನೇ ಇದೀರಿ. ಹಕ್ಕಿ ಎಣಿಸಿದ್ರೆ ಕೆರೆಗೆ ನೀರು ಬರುತ್ತಾ? ಆ ಕಡೆ ಉಳ್ತಾ ಇದಾರಲ್ಲ, ಅವರು ಬಿಡ್ತಾರಾ?"

ನಕ್ಕು ಎದ್ದು ಬಂದೆ. ಆದರೆ ಮನಸ್ಸಿನಿಂದ ಹೋಗಲಿಲ್ಲ. ನಮ್ಮ ಕೆರೆಯ ಒಂದು ಮಗ್ಗುಲು ವರ್ಷ ವರ್ಷ ಒಳಗೆ ಸರಿಯುತ್ತಿದೆ. ಮೊದಲು ಜಾಲಿ ಕಡಿದರು, ಆಮೇಲೆ ರಾಗಿ ಹಾಕಿದರು. ನನ್ನ ಹತ್ತಿರ ನೂರಕ್ಕೂ ಹೆಚ್ಚು ಪಟ್ಟಿಗಳಿವೆ. ಇವುಗಳಿಂದ ಯಾವುದಾದರೂ ಜಾಗಕ್ಕೆ ನಿಜವಾಗಿ ಉಪಯೋಗ ಆಗಿದ್ದು ನಿಮಗೆ ಗೊತ್ತಿದ್ದರೆ ಹೇಳಿ. "ಜಾಗೃತಿ ಮೂಡುತ್ತದೆ" ಅನ್ನೋ ಉತ್ತರ ಬೇಡ. ಅದನ್ನು ನಾನೇ ಪರಿಸರ ದಿನದ ಭಾಷಣದಲ್ಲಿ ಹೇಳುತ್ತೇನೆ.

ಪೇಟೆ ಬೀದಿ · ಸೋಮವಾರ ರಾತ್ರಿ

ಗೌಡರಿಗೆ ನನ್ನದೊಂದು ನಮಸ್ಕಾರ ತಿಳಿಸಿ. ನೀವು ಮಕ್ಕಳನ್ನು ಕರೆದುಕೊಂಡು ಹೋಗುವುದು ಒಳ್ಳೆಯದೇ, ಬೇಡ ಅನ್ನಲ್ಲ. ಆದರೆ ನಿಮ್ಮ ಪಟ್ಟಿ ಹೋಗಿ ಕೂರುವುದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕಂಪ್ಯೂಟರಿನಲ್ಲಿ. ಅಲ್ಲಿ ಯಾರೋ ಪ್ರಬಂಧ ಬರೆಯುತ್ತಾರೆ, ಬಡ್ತಿ ಪಡೆಯುತ್ತಾರೆ. ನಿಮ್ಮೂರಲ್ಲಿ ರಾಗಿ ಇನ್ನೊಂದು ಸಾಲು ಮುಂದೆ ಬರುತ್ತದೆ. ಕೂಲಿ ಇಲ್ಲದ ಕೆಲಸಕ್ಕೆ ನಾಗರಿಕ ವಿಜ್ಞಾನ ಅಂತ ಚೆಂದದ ಹೆಸರಿಟ್ಟಿದ್ದಾರೆ ಅಷ್ಟೇ.

ಭೀಮರಾಜ · ಮಂಗಳವಾರ ಬೆಳಿಗ್ಗೆ

ಪೇಟೆ ಬೀದಿಯವರೇ, ಅರ್ಧ ಒಪ್ಪಿದೆ. ಇ-ಬರ್ಡ್ ಶುರುವಾಗಿದ್ದು 2002ರಲ್ಲಿ, ಕಾರ್ನೆಲ್‌ನವರಿಂದಲೇ. ಆದರೆ ಅಲ್ಲಿ ಸೇರಿದ ಮಾಹಿತಿಯನ್ನು ಕೇಳಿದವರಿಗೆಲ್ಲ ಪುಕ್ಕಟೆ ಕೊಡುತ್ತಾರೆ. ನೀವೂ ತೆಗೆದುಕೊಳ್ಳಬಹುದು, ಮೇಷ್ಟ್ರೂ ತೆಗೆದುಕೊಳ್ಳಬಹುದು. ಅದನ್ನೇ ಇಟ್ಟುಕೊಂಡು ನಮ್ಮ ದೇಶದ ಸಂಸ್ಥೆಗಳೇ ಸೇರಿ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ಮಾಡಿದವು. 2020ರಲ್ಲಿ ಒಂದು, 2023ರಲ್ಲಿ ಇನ್ನೊಂದು. ಎರಡನೆಯದಕ್ಕೆ ಬಳಸಿದ್ದು 30,000ಕ್ಕೂ ಹೆಚ್ಚು ಜನ ಕೊಟ್ಟ 3 ಕೋಟಿ ದಾಖಲೆಗಳು. 942 ಜಾತಿಯ ಹಕ್ಕಿಗಳ ಲೆಕ್ಕ ನೋಡಿದರು. ಇಷ್ಟು ದೊಡ್ಡ ದೇಶದಲ್ಲಿ ಸಂಬಳದ ವಿಜ್ಞಾನಿಗಳನ್ನೇ ಇಟ್ಟು ಇದನ್ನು ಮಾಡಿಸುವುದು ಆಗದ ಮಾತು.

ಅದರಲ್ಲಿ ಗೊತ್ತಾಗಿದ್ದೇನು? ನಮ್ಮ ರಾಜ್ಯದ ಪಕ್ಷಿ ನೀಲಕಂಠ ಇದೆಯಲ್ಲ, ಕರೆಂಟ್ ತಂತಿ ಮೇಲೆ ಸುಮ್ಮನೆ ಕೂತಿರುತ್ತದೆ. ಅದು ಶೇಕಡಾ 30ಕ್ಕೂ ಜಾಸ್ತಿ ಇಳಿದಿದೆ. ಎಲ್ಲರೂ "ಎಲ್ಲೆಲ್ಲೂ ಇದೆ ಬಿಡಿ" ಅಂದುಕೊಂಡಿದ್ದ ಹಕ್ಕಿ. ಇನ್ನೊಂದು ಕಡೆ ಗುಬ್ಬಚ್ಚಿ ಪೂರ್ತಿ ಹೋಯಿತು ಅಂತ ಗೋಳಾಡುತ್ತಿದ್ದೆವು. ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ಕಡಿಮೆಯಾಗಿದ್ದು ನಿಜ. ದೇಶದ ಒಟ್ಟು ಲೆಕ್ಕದಲ್ಲಿ ಹೆಚ್ಚುಕಡಿಮೆ ಹಾಗೇ ಇದೆ ಅಂತ 2020ರ ವರದಿಯೇ ಹೇಳಿತು. ನಮ್ಮ ಅಂದಾಜು ಎರಡೂ ಕಡೆ ತಪ್ಪಿತ್ತು.

ಮೇಷ್ಟ್ರೇ, ಈಗ ನಿಮಗೊಂದು ಪ್ರಶ್ನೆ. ಪಟ್ಟಿ ಕಳಿಸುವಾಗ "ಕಂಡದ್ದೆಲ್ಲ ಬರೆದಿದ್ದೀರಾ" ಅಂತ ಆ್ಯಪ್ ಕೇಳುತ್ತದೆ. ಅದಕ್ಕೆ ಏನು ಒತ್ತುತ್ತೀರಿ?

ಏರಿ ಮೇಷ್ಟ್ರು · ಮಂಗಳವಾರ ಸಂಜೆ

ಸಿಕ್ಕಿಬಿದ್ದೆ. ಮೊದಲ ವರ್ಷ ಹೌದು ಅಂತಲೇ ಒತ್ತುತ್ತಿದ್ದೆ. ಆದರೆ ಕಾಗೆ, ಗೊರವಂಕ, ಪಾರಿವಾಳ ಬರೆಯುತ್ತಿರಲಿಲ್ಲ. ಅದೇನು ಬರೆಯೋದು ಅಂತ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಒಂದಿನ ಕೇಳಿದಳು, "ಸಾರ್, ಕಾಗೆ ಹಕ್ಕಿ ಅಲ್ವಾ?" ಅವತ್ತಿನಿಂದ ಬರೆಯುತ್ತಿದ್ದೇವೆ.

ಭೀಮರಾಜ · ಮಂಗಳವಾರ ರಾತ್ರಿ

ಆ ಹುಡುಗಿಯ ಕೈಗೇ ನೋಟ್‌ಬುಕ್ಕು ಕೊಡಿ.

ವಿಷಯ ಇಷ್ಟು. ಎಲ್ಲ ಬರೆದಿದ್ದೇನೆ ಅಂತ ನೀವು ಹೇಳಿದಾಗ, ಬರೆಯದ ಹಕ್ಕಿ ಅವತ್ತು ನಿಮಗೆ ಸಿಗಲಿಲ್ಲ ಅಂತ ಅರ್ಥ. ಲೆಕ್ಕ ಹಾಕುವವರು ನೋಡುವುದು ನೂರು ಪಟ್ಟಿಯಲ್ಲಿ ಎಷ್ಟರಲ್ಲಿ ನೀಲಕಂಠ ಇದೆ ಅನ್ನುವುದನ್ನು. ಅಪರೂಪದ್ದನ್ನು ಮಾತ್ರ ಬರೆದರೆ ನಿಮ್ಮ ಕೆರೆಯಲ್ಲಿ ಕಾಗೆಯೇ ಇಲ್ಲ ಅಂತಾಗುತ್ತದೆ. ಆ ಹಳೆಯ ಪಟ್ಟಿಗಳನ್ನು ತೆರೆದು "ಇಲ್ಲ" ಅಂತ ತಿದ್ದಿ. ಪಟ್ಟಿ ಹಾಳಾಗುವುದಿಲ್ಲ, ಆ ಲೆಕ್ಕಕ್ಕೆ ಸೇರುವುದಿಲ್ಲ ಅಷ್ಟೇ.

ಇನ್ನೊಂದು. ಬಯಲುಸೀಮೆಯ ಕೆರೆಯಲ್ಲಿ ಹಕ್ಕಿ ಸಂಖ್ಯೆ ನೀರಿನ ಜೊತೆ ಏರುತ್ತದೆ, ಇಳಿಯುತ್ತದೆ. ಮೂರು ವರ್ಷ ನೋಡಿ "ಬಾತು ಕಡಿಮೆಯಾಯಿತು" ಅನ್ನೋಕಾಗಲ್ಲ. ನೀರಿನ ಮಟ್ಟವನ್ನೂ ಬರೆಯಿರಿ. ಅದಕ್ಕೆ ಯಾವ ಯಂತ್ರವೂ ಬೇಡ. ತೂಬಿನ ಕಲ್ಲಿನ ಮೆಟ್ಟಿಲು ಎಷ್ಟು ಕಾಣುತ್ತಿದೆ ಅಂತ ಎಣಿಸಿದರೆ ಸಾಕು. ಪಟ್ಟಿಯ ಕೆಳಗೆ ಟಿಪ್ಪಣಿ ಬರೆಯಲು ಜಾಗ ಇದೆಯಲ್ಲ, ಅಲ್ಲಿ ಹಾಕಿ.

ಕಾಫಿ ಗಿಡ · ಬುಧವಾರ ಬೆಳಿಗ್ಗೆ

ಸಕಲೇಶಪುರದ ಕಡೆಯಿಂದ. ಭೀಮರಾಜ ಅನ್ನೋ ಹೆಸರು ನೋಡಿ ನಗು ಬಂತು. ಆ ಹಕ್ಕಿಯಿಂದ ನಾನು ಎಷ್ಟು ಸಲ ಬೇಸ್ತು ಬಿದ್ದಿದ್ದೇನೋ. ಫೋನಿನಲ್ಲಿ ಮರ್ಲಿನ್ ಹಾಕಿಕೊಂಡು ತೋಟದಲ್ಲಿ ನಿಂತೆ. ಕೂಗು ಕೇಳಿ ಹೆಸರು ಹೇಳುತ್ತದಲ್ಲ, ಅದು. ಹತ್ತು ನಿಮಿಷದಲ್ಲಿ ಗಿಡುಗ, ಹದ್ದು, ಇನ್ನೂ ಏನೇನೋ ಹೆಸರು ಬಂತು. ಅಬ್ಬಾ ನಮ್ಮ ತೋಟ ಅಂತ ಬೀಗಿದೆ. ತಲೆ ಎತ್ತಿ ನೋಡಿದರೆ ಸಿಲ್ವರ್ ಮರದ ಮೇಲೆ ಒಂದೇ ಒಂದು ಭೀಮರಾಜ. ಎರಡು ಬಾಲ ಇಳಿಬಿಟ್ಟುಕೊಂಡು ಎಲ್ಲರ ದನಿಯಲ್ಲೂ ಕೂಗುತ್ತಾ ಕೂತಿದೆ. ಆ್ಯಪ್ ಹೇಳಿತು ಅಂತ ಬರೆಯಬೇಡಿ ಮೇಷ್ಟ್ರೇ. ಕಣ್ಣಿಗೆ ಕಂಡರೆ ಬರೆಯಿರಿ, ಇಲ್ಲಾ ನಿಮ್ಮ ಕಿವಿಗೇ ಆ ಕೂಗಿನ ಪರಿಚಯ ಇದ್ದರೆ ಬರೆಯಿರಿ.

ನೀವು ಕೇಳಿದ ಪ್ರಶ್ನೆಗೆ ಬರುತ್ತೇನೆ. ಇಲ್ಲಿ ಆನೆ ಕಾಟ ನಿಮಗೆಲ್ಲ ಗೊತ್ತು. ಆನೆ ಎಲ್ಲಿ ಬಂದಿದೆ ಅನ್ನುವ ಮಾಹಿತಿಯನ್ನು ಅರಣ್ಯ ಇಲಾಖೆಯವರು, ಸಂಶೋಧಕರು, ಊರಿನವರು ಸೇರಿ ಹಂಚಿಕೊಳ್ಳುವ ವ್ಯವಸ್ಥೆ ಹಾಸನ ಜಿಲ್ಲೆಯಲ್ಲಿ ಕೆಲವು ವರ್ಷದಿಂದ ಇದೆ. ಮೆಸೇಜು, ಫೋನಿಗೆ ಬರುವ ಧ್ವನಿ ಸಂದೇಶ, ವಾಟ್ಸಾಪು, ರಸ್ತೆ ಬದಿಯಲ್ಲಿ ಬೆಳಗುವ ಬೋರ್ಡು. ಕೆಲವು ಆನೆಗಳಿಗೆ ರೇಡಿಯೋ ಕಾಲರ್ ಹಾಕಿದ್ದಾರೆ. ಇದಕ್ಕೂ ಮೊದಲು ತಮಿಳುನಾಡಿನ ವಾಲ್ಪಾರೈಯಲ್ಲಿ ಟೀ ತೋಟದ ಜನರ ಜೊತೆ ಇದೇ ಥರ ಮಾಡಿದ್ದರು. ಅಲ್ಲಿ ಆನೆ ಹತ್ತಿರ ಇದ್ದರೆ ಎತ್ತರದಲ್ಲಿ ಕೆಂಪು ದೀಪ ಹಚ್ಚುತ್ತಾರೆ. ಆ ಕೆಲಸಕ್ಕೆ ವಿಜ್ಞಾನಿ ಆನಂದ ಕುಮಾರ್ ಅವರಿಗೆ 2015ರಲ್ಲಿ ವನ್ಯಜೀವಿ ಸಂರಕ್ಷಣೆಗೆ ಕೊಡುವ ವಿಟ್ಲಿ ಪ್ರಶಸ್ತಿ ಬಂತು.

ನನ್ನ ಅನುಭವ ಹೇಳಬೇಕೆಂದರೆ, ಮೆಸೇಜು ನನಗೆ ಬರುತ್ತದೆ. ಆದರೆ ಬೆಳಿಗ್ಗೆ ಏಳಕ್ಕೆ ಕೂಲಿಯವರ ಲೈನ್ ಮನೆಗಳಿಂದ ಹೊರಟು ತೋಟದೊಳಗೆ ನಡೆದು ಬರುವ ಹೆಂಗಸರ ಹತ್ತಿರ ಫೋನಿದ್ದರೆ ಚಾರ್ಜ್ ಇರಲ್ಲ, ಚಾರ್ಜ್ ಇದ್ದರೆ ನೆಟ್‌ವರ್ಕ್ ಇರಲ್ಲ. ಅವರಿಗೆ ಉಪಯೋಗಕ್ಕೆ ಬರುವುದು ಆ ಬೋರ್ಡು, ಇಲ್ಲಾ ಯಾರೋ ಕೂಗಿ ಹೇಳುವ ಮಾತು. ದುಬಾರಿ ಫೋನು ಇದ್ದವರು ಕಾರಲ್ಲಿ ಓಡಾಡುತ್ತೇವೆ. ಆನೆ ಎದುರಿಗೆ ಸಿಗುವುದು ನಡೆಯುವವರಿಗೆ. ಈ ಆ್ಯಪು ಮಾಡುವವರು ಅದನ್ನು ಮೊದಲು ಯೋಚಿಸಬೇಕು.

ಪೇಟೆ ಬೀದಿ · ಬುಧವಾರ ಬೆಳಿಗ್ಗೆ

ನೋಡಿ ಅಕ್ಕಾ, ಇದನ್ನು ನಾನು ಒಪ್ಪುತ್ತೇನೆ. ಮಾಹಿತಿ ಕೊಟ್ಟವನಿಗೆ ಅವತ್ತೇ ಏನೋ ವಾಪಸ್ ಬಂತು. ಬಂಡೀಪುರ, ನಾಗರಹೊಳೆ ಅಂಚಿನಲ್ಲಿ ವೈಲ್ಡ್ ಸೇವೆ ಅಂತ ಇದೆ. 2015ರಿಂದ ನಡೆಯುತ್ತಿದೆ. ಬೆಳೆ ಹೋದರೆ ರೈತ ಒಂದು ಫೋನ್ ಮಾಡುತ್ತಾನೆ, ಅವರ ಹುಡುಗರು ಬಂದು ಫೋಟೋ ತೆಗೆದು, ಕಾಗದಪತ್ರ ಸರಿ ಮಾಡಿ ಪರಿಹಾರದ ಅರ್ಜಿ ಹಾಕಿಸುತ್ತಾರೆ. ಯಾವ ಊರಲ್ಲಿ ಯಾವ ಪ್ರಾಣಿಯಿಂದ ಎಷ್ಟು ನಷ್ಟ ಅನ್ನೋ ಲೆಕ್ಕ ಅದರ ಜೊತೆಗೇ ಸೇರುತ್ತದೆ. ರೈತ ಅದನ್ನು ವಿಜ್ಞಾನ ಅಂತ ಮಾಡಲಿಲ್ಲ, ತನ್ನ ಕೆಲಸಕ್ಕೆ ಮಾಡಿದ. ಕೆರೆ ಪಟ್ಟಿಯಲ್ಲಿ ಅಂಥದ್ದೇನಿದೆ ಅನ್ನುವುದೇ ನನ್ನ ಪ್ರಶ್ನೆ.

ನಿವೃತ್ತ ಸರ್ವೇಯರ್ · ಬುಧವಾರ ಮಧ್ಯಾಹ್ನ

ಮೇಷ್ಟ್ರೇ, ಹಕ್ಕಿ ನನಗೆ ಗೊತ್ತಿಲ್ಲ. ಜಮೀನು ಗೊತ್ತು. ನಿಮ್ಮ ಫೋನಿಗೆ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ. ನಮ್ಮ ಕಂದಾಯ ಇಲಾಖೆಯದೇ. ರಾಗಿ ಹಾಕಿರುವ ಜಾಗದಲ್ಲಿ ನಿಂತು ನೋಡಿದರೆ ಅದು ಯಾವ ಸರ್ವೆ ನಂಬರು ಅಂತ ತೋರಿಸುತ್ತದೆ. ಕೆರೆಯ ನಂಬರೇ ಬಂದರೆ ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು.

ಆದರೆ ಒಂದು ಎಚ್ಚರ. ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ಹೋಗುತ್ತದೆ. ಗಡಿಯ ಹತ್ತಿರ ನಿಂತು "ನೋಡಿ, ಒತ್ತುವರಿ" ಅಂತ ಯಾರ ಮೇಲೂ ಕೂಗಾಡಬೇಡಿ. ಪಕ್ಕಾ ಆಗುವುದು ಅಳತೆ ಆದಮೇಲೆಯೇ. ಗ್ರಾಮ ನಕ್ಷೆ ತೆಗೆಸಿ. ಸರ್ವೆ ನಂಬರುವಾರು ವಿಸ್ತೀರ್ಣ ಬರೆದಿರುವ ಆಕಾರಬಂದ್‌ನಲ್ಲಿ ಕೆರೆಯ ವಿಸ್ತೀರ್ಣ ಎಷ್ಟಿದೆ ನೋಡಿ. ಆಮೇಲೆ ಅಳತೆ ಮಾಡಿಕೊಡಿ ಅಂತ ಪಂಚಾಯಿತಿಯಿಂದ ತಹಶೀಲ್ದಾರರಿಗೆ ಬರೆಸಿ. ನೀವೊಬ್ಬರೇ ಬರೆದರೆ ಮೇಷ್ಟ್ರಿಗೇನು ಕೆಲಸ ಇಲ್ವಾ ಅಂತಾರೆ.

ಕಂಪ್ಯೂಟರ್ ಇದ್ದರೆ ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷದ ಚಿತ್ರಗಳನ್ನೂ ನೋಡಬಹುದು. ತಿಂಗಳು ನೋಡಿಕೊಳ್ಳಿ. ಏಪ್ರಿಲ್ ಚಿತ್ರಕ್ಕೂ ನವೆಂಬರ್ ಚಿತ್ರಕ್ಕೂ ಹೋಲಿಸಿ ಕೆರೆ ಕುಗ್ಗಿತು ಅಂದರೆ ಯಾರೂ ನಂಬಲ್ಲ. ನಾನು ಸರ್ವಿಸಿನಲ್ಲಿದ್ದಾಗ ಈ ಸೌಲಭ್ಯ ಇದ್ದಿದ್ದರೆ ಎಷ್ಟು ಚೈನು ಎಳೆಯೋದು ತಪ್ಪುತ್ತಿತ್ತೋ.

ಕಪ್ಪು ಕೋಟು · ಬುಧವಾರ ರಾತ್ರಿ

ಕಾನೂನಿನ ಕಡೆಯಿಂದ ಸ್ವಲ್ಪ ಹೇಳುತ್ತೇನೆ. ಜೌಗು ಪ್ರದೇಶಗಳ ನಿಯಮ 2017ರಲ್ಲಿ ಬಂತು. ಅದರಲ್ಲಿ ದೊಡ್ಡ ತೂತಿದೆ. ಕುಡಿಯುವ ನೀರಿಗೆ, ನೀರಾವರಿಗೆ ಅಂತಲೇ ಮನುಷ್ಯರು ಕಟ್ಟಿದ ಕೆರೆಗಳನ್ನು ಅದು ಜೌಗು ಪ್ರದೇಶ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಮ್ಮ ಬಯಲುಸೀಮೆಯಲ್ಲಿ ಕಟ್ಟದೇ ಇರುವ ಕೆರೆ ಎಲ್ಲಿದೆ ಹೇಳಿ! ಅಜ್ಜಂದಿರು ಕಷ್ಟಪಟ್ಟು ಏರಿ ಹಾಕಿದ್ದೇ ತಪ್ಪಾಯಿತು.

ಆದರೆ ದಾರಿ ಮುಚ್ಚಿಲ್ಲ. ವಿಜಯನಗರ ಜಿಲ್ಲೆಯ ಅಂಕಸಮುದ್ರ ಇದೆ, ಗದಗ ಜಿಲ್ಲೆಯ ಮಾಗಡಿ ಕೆರೆ ಇದೆ. ಎರಡೂ ಜನ ಕಟ್ಟಿದ ಕೆರೆಗಳೇ. ಎರಡನ್ನೂ ವನ್ಯಜೀವಿ ಕಾಯ್ದೆಯಡಿ ಸಂರಕ್ಷಣಾ ಮೀಸಲು ಮಾಡಿದರು. 2024ರಲ್ಲಿ ಅಘನಾಶಿನಿ ಅಳಿವೆಯ ಜೊತೆ ಎರಡೂ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದವು. ಆ ಪಟ್ಟಿಯ ಅಳತೆಗೋಲಿನಲ್ಲಿ ಎರಡು ಬರೀ ನೀರುಹಕ್ಕಿಗಳ ಸಂಖ್ಯೆ ಮೇಲೆ ನಿಂತಿವೆ. 20,000 ನೀರುಹಕ್ಕಿ ನಿಯಮಿತವಾಗಿ ಸೇರಬೇಕು, ಇಲ್ಲವೇ ಒಂದು ಜಾತಿಯ ಒಟ್ಟು ಸಂಖ್ಯೆಯಲ್ಲಿ ನೂರಕ್ಕೆ ಒಂದು ಭಾಗವಾದರೂ ಅಲ್ಲಿರಬೇಕು. ಪೇಟೆ ಬೀದಿ ಸರ್, ಆ ಸಂಖ್ಯೆ ಎಲ್ಲಿಂದ ಬರಬೇಕು? ಯಾರೋ ಚಳಿಯಲ್ಲಿ ಏರಿ ಮೇಲೆ ನಿಂತು ಎಣಿಸಿರಬೇಕು. ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿರುವುದು ಇಂಥವರಿಂದಲೇ.

ಮೇಷ್ಟ್ರ ಕೆರೆ ರಾಮ್ಸಾರ್ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಆಸೆ ಹುಟ್ಟಿಸಬಾರದು. ನಿಮಗೆ ಕೈಗೆಟುಕುವುದು ಬೇರೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜನರನ್ನು ಕೇಳಿ ಒಂದು ದಾಖಲೆ ಪುಸ್ತಕ ಮಾಡಬೇಕು. ನಿಮ್ಮ ಪಟ್ಟಿ ಅಲ್ಲಿಗೆ ಸೇರಲಿ. ಆಮೇಲೆ ಸರ್ವೇಯರ್ ಸಾಹೇಬರು ಹೇಳಿದ ಅಳತೆ ಅರ್ಜಿಗೆ ಅದರ ನಕಲು ಪಿನ್ ಮಾಡಿ. ಬರೀ "ಸುಂದರ ಕೆರೆ ಉಳಿಸಿ" ಅನ್ನುವ ಅರ್ಜಿಗೂ, ತಾರೀಖು ಸಮೇತ ನೂರು ಪಟ್ಟಿ ಇರುವ ಅರ್ಜಿಗೂ ವ್ಯತ್ಯಾಸ ಇದೆ. ನಾನು ಕೋರ್ಟಿನಲ್ಲಿ ನೋಡಿದ್ದೇನೆ.

ಮುರಕಲ್ಲು · ಗುರುವಾರ ಬೆಳಿಗ್ಗೆ

ಮಣಿಪಾಲದಲ್ಲಿ ಓದುತ್ತಿರುವವಳು ನಾನು. ಇಲ್ಲಿಯ ಮುರಕಲ್ಲಿನ (ಇಂಗ್ಲಿಷಿನಲ್ಲಿ ಲ್ಯಾಟರೈಟ್) ಬೋಳು ಬಯಲನ್ನು ಸರ್ಕಾರಿ ಕಾಗದದಲ್ಲಿ ಪಾಳು ಭೂಮಿ ಅಂತಲೇ ಬರೆಯುತ್ತಾರೆ. ಅಂಥ ಜಾಗದಲ್ಲೇ ಹೆಬ್ಬೆರಳ ಉಗುರಿನಷ್ಟು, ಒಂದೂವರೆ ಸೆಂಟಿಮೀಟರ್ ಚಿಲ್ಲರೆಯ ಕಪ್ಪೆ ಸಿಕ್ಕಿತು. ಕೂಗಿದರೆ ಜೀರುಂಡೆ ಅಂದುಕೊಳ್ಳಬೇಕು. 2016ರಲ್ಲಿ ಅದಕ್ಕೆ ಮೈಕ್ರೋಹೈಲಾ ಲ್ಯಾಟರೈಟ್ ಅಂತ ಹೆಸರಿಟ್ಟರು. ಕಲ್ಲಿನ ಹೆಸರೇ ಕಪ್ಪೆಗೆ. ಅದೇ ವರ್ಷ ಕರಾವಳಿ ಅಂತ ಹೆಸರಿಟ್ಟ ಇನ್ನೊಂದು ಹೊಸ ಕಪ್ಪೆಯೂ ಬಂತು. ಕೂಗು ಏನೋ ಬೇರೆ ಥರ ಇದೆಯಲ್ಲ ಅಂತ ಮೊದಲು ಅನುಮಾನ ಪಟ್ಟವರು ಉತ್ತರ ಕನ್ನಡದ ಒಬ್ಬರು ಅರಣ್ಯ ಅಧಿಕಾರಿ.

ಪಾಳು ಅಂತ ಬರೆದ ಜಾಗಕ್ಕೆ ಒಂದು ಹೆಸರು ಸಿಕ್ಕರೆ ಅದನ್ನು ಅಗೆಯುವಾಗ ಯಾರಾದರೂ ಒಬ್ಬರು ಪ್ರಶ್ನೆ ಕೇಳುತ್ತಾರೆ. ಅಗೆಯುವುದು ನಿಲ್ಲದೇ ಇರಬಹುದು.

ಹೊಂಗೆ ನೆರಳು · ಗುರುವಾರ ಸಂಜೆ

ಕೆರೆ ಇಲ್ಲದ ಶಾಲೆಯವರಿಗೆ ಒಂದು ಮಾತು. ಸೀಸನ್‌ವಾಚ್ ಅಂತ 2010ರಿಂದ ಇದೆ. ಒಂದು ಮರ ಆರಿಸಿಕೊಂಡು ವಾರಕ್ಕೊಮ್ಮೆ ಚಿಗುರು, ಹೂ, ಕಾಯಿ ಎಷ್ಟಿದೆ ಅಂತ ಬರೆಯುವುದು. ನಮ್ಮ ಶಾಲೆ ಅಂಗಳದ ಹೊಂಗೆಯನ್ನು ಐದನೇ ಕ್ಲಾಸಿನವರು ನೋಡಿಕೊಳ್ಳುತ್ತಾರೆ. ಮರ ಹಾರಿಹೋಗಲ್ಲ, ಬೈನಾಕ್ಯುಲರ್ ಬೇಡ. ಮಕ್ಕಳಿಗೆ ಬೇಜಾರಾಗುವುದು "ಏನೂ ಇಲ್ಲ" ಅಂತ ಬರೆಯುವ ವಾರಗಳಲ್ಲಿ. ನನಗೂ ಆಗುತ್ತದೆ.

ಕಾಡುಪಾಪ · ಗುರುವಾರ ರಾತ್ರಿ

ಯಾರೂ ಹೇಳದೇ ಇರುವ ಒಂದು ವಿಷಯ ಇದೆ, ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಜಾಗ ಹೇಳಬೇಡಿ.

ನಾನೇ ಮಾಡಿದ ತಪ್ಪು. ನಮ್ಮೂರ ಹತ್ತಿರ ಗೂಬೆ ಗೂಡು ನೋಡಿದೆ. ಖುಷಿಯಲ್ಲಿ ಫೋಟೋ ಹಾಕಿ ಜಾಗದ ಹೆಸರೂ ಬರೆದೆ. ಮುಂದಿನ ಭಾನುವಾರ ಅಲ್ಲಿ ಆರು ಕಾರು. ಅಡ್ಡ ಬಂತು ಅಂತ ಒಬ್ಬ ಕೊಂಬೆಯನ್ನೇ ಕಡಿದ. ಗೂಬೆ ಆ ವರ್ಷ ಗೂಡು ಬಿಟ್ಟು ಹೋಯಿತು. ಅದಕ್ಕೆ ಕಾರಣ ಆ್ಯಪ್ ಅಲ್ಲ, ನಾನು.

ತುಮಕೂರು ಕಡೆ ಕಾಡುಪಾಪ ಇದೆ, ಕುರುಚಲು ಕಾಡಲ್ಲಿ ನಕ್ಷತ್ರ ಆಮೆ ಇದೆ. ಆ ಆಮೆಯನ್ನು ಸಾಕಲು ಅಂತ ಕದ್ದು ಮಾರುವ ದಂಧೆ ಎಷ್ಟು ದೊಡ್ಡದೆಂದರೆ, 2019ರಲ್ಲಿ ಅದನ್ನು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಒಪ್ಪಂದ ಸೈಟಿಸ್‌ನ ಮೊದಲ ಪಟ್ಟಿಗೇ ಹಾಕಿದರು. ಗಿಡ, ಪ್ರಾಣಿಗಳ ಫೋಟೋ ಹಾಕಿ ಗುರುತಿಸುವ ಆ್ಯಪ್ ಐನ್ಯಾಚುರಲಿಸ್ಟ್‌ನಲ್ಲಿ ಅಪಾಯದಲ್ಲಿರುವ ಜಾತಿಗಳ ಜಾಗವನ್ನು ತಾನಾಗಿಯೇ ಮಸುಕು ಮಾಡುತ್ತಾರೆ. ಸುಮಾರು ಇಪ್ಪತ್ತು ಕಿಲೋಮೀಟರ್ ಅಗಲದ ಚೌಕದಲ್ಲಿ ಎಲ್ಲೋ ಒಂದು ಕಡೆ ತೋರಿಸುತ್ತದೆ. ಇ-ಬರ್ಡ್‌ನಲ್ಲೂ ಕೆಲವು ಹಕ್ಕಿಗಳ ಜಾಗ ಮುಚ್ಚಿಡುತ್ತಾರೆ. ಆದರೆ ಎಲ್ಲದಕ್ಕೂ ಅಲ್ಲ. ಅನುಮಾನ ಬಂದರೆ ನೀವೇ ಮರೆಮಾಡಿ, ಆ ಆಯ್ಕೆ ಇದೆ. ಫೋಟೋ ಒಳಗೂ ಜಾಗದ ಗುರುತು ಕೂತಿರುತ್ತದೆ. ವಾಟ್ಸಾಪಿನಲ್ಲಿ ಮಾಮೂಲಿ ಫೋಟೋ ಕಳಿಸಿದರೆ ಅದು ಹೋಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿದರೆ ಉಳಿಯುತ್ತದೆ. ಮಕ್ಕಳಿಗೆ ಆ್ಯಪ್ ಕಲಿಸುವ ಮೊದಲು ಇದನ್ನು ಕಲಿಸಿ ಮೇಷ್ಟ್ರೇ.

ಪೇಟೆ ಬೀದಿ · ಶುಕ್ರವಾರ ಬೆಳಿಗ್ಗೆ

ಕಪ್ಪು ಕೋಟಿನವರ ಮಾತು ಯೋಚಿಸಿದೆ. ಅಲ್ಲಿಗೆ ಪಟ್ಟಿ ತಾನಾಗಿ ಏನೂ ಮಾಡಲ್ಲ, ಯಾರೋ ಅದನ್ನು ಕೈಯಲ್ಲಿ ಹಿಡಿದು ಕಚೇರಿಗೆ ಅಲೆಯಬೇಕು. ಹಾಗಾದರೆ ಆ್ಯಪಿನವರು "ನಿಮ್ಮ ಒಂದು ಪಟ್ಟಿ ಹಕ್ಕಿಗಳನ್ನು ಉಳಿಸುತ್ತದೆ" ಅನ್ನೋ ಧಾಟಿ ಬಿಡಬೇಕು. ಅಷ್ಟಾದರೆ ನನ್ನ ತಕರಾರಿಲ್ಲ.

ಏರಿ ಮೇಷ್ಟ್ರು · ಮುಂದಿನ ಭಾನುವಾರ ರಾತ್ರಿ

ಎಲ್ಲರಿಗೂ ಉತ್ತರ ಬರೆಯಲಾಗಲಿಲ್ಲ, ಪರೀಕ್ಷೆ ಪೇಪರ್ ತಿದ್ದುತ್ತಿದ್ದೆ. ಈ ವಾರ ಆಗಿದ್ದು ಹೇಳುತ್ತೇನೆ.

ಶುಕ್ರವಾರ ಪಂಚಾಯಿತಿಗೆ ಹೋಗಿ ಜೀವವೈವಿಧ್ಯದ ಪುಸ್ತಕ ತೋರಿಸಿ ಅಂದೆ. ಬೀರುವಿನ ಮೇಲಿಂದ ದೂಳು ಒರೆಸಿ ತೆಗೆದರು. ಪಕ್ಷಿಗಳು ಅನ್ನುವ ಕಡೆ ಹೀಗಿದೆ: "ಕಾಗೆ, ಕೊಕ್ಕರೆ, ಇತರೆ." ನಮ್ಮ ನೋಟ್‌ಬುಕ್ಕಿನಲ್ಲಿ ನೂರ ಹನ್ನೆರಡು ಹೆಸರಿವೆ. ಅಷ್ಟೂ ಜನ ಇತರೆ! ಪಿಡಿಓ ಅವರೇ ನಕ್ಕರು. ಸೇರಿಸೋಣ, ಸಮಿತಿ ಸಭೆಗೆ ಮಕ್ಕಳನ್ನೂ ಕರೆದುಕೊಂಡು ಬನ್ನಿ ಅಂದರು. ನೋಡಬೇಕು.

ದಿಶಾಂಕ್ ಹಾಕಿಕೊಂಡು ರಾಗಿ ಸಾಲಿನ ನಡುವೆ ನಿಂತೆ. ಕೆರೆಯ ನಂಬರೇ ತೋರಿಸಿತು. ಗಡಿಯಿಂದ ಚೆನ್ನಾಗಿ ಒಳಗೇ ಇದ್ದೆ. ಸರ್ವೇಯರ್ ಸಾಹೇಬರು ಹೇಳಿದಂತೆ ಯಾರ ಜೊತೆಗೂ ಮಾತಾಡಲಿಲ್ಲ. ಅಳತೆಗೆ ಬರೆಸುವುದು ಮುಂದಿನ ಕೆಲಸ. ಉಳುವವರ ಮಗನೂ ನನ್ನ ಕ್ಲಾಸಿನಲ್ಲೇ ಇದ್ದಾನೆ, ಭಾನುವಾರ ನಮ್ಮ ಜೊತೆ ಬರುತ್ತಾನೆ. ಇದನ್ನು ಹೇಗೆ ನಿಭಾಯಿಸುವುದೋ ಇನ್ನೂ ಹೊಳೆದಿಲ್ಲ.

ಇವತ್ತು ಗೌಡರು ಏರಿ ಮೇಲೆ ಸಿಕ್ಕಿದರು. ತಾವು ಹುಡುಗರಾಗಿದ್ದಾಗ ಸಂಕ್ರಾಂತಿ ಹೊತ್ತಿಗೆ ತಲೆ ಮೇಲೆ ಕಪ್ಪು ಪಟ್ಟೆ ಇರುವ ಹೆಬ್ಬಾತು ಬಂದು ಕಡಲೆ ಹೊಲ ಮೇಯುತ್ತಿದ್ದವು, ತಗಡು ಬಡಿದು ಓಡಿಸುತ್ತಿದ್ದೆವು ಅಂದರು. ನಮ್ಮ ಮೂರು ವರ್ಷದಲ್ಲಿ ಒಂದೂ ಕಂಡಿಲ್ಲ. ಇದನ್ನು ಪಟ್ಟಿಗೆ ಸೇರಿಸಬಹುದಾ ಭೀಮರಾಜ ಸರ್?

ಭೀಮರಾಜ · ಭಾನುವಾರ ರಾತ್ರಿ

ಪಟ್ಟೆತಲೆ ಹೆಬ್ಬಾತೇ ಇರಬೇಕು. ಹಿಮಾಲಯ ದಾಟಿ ಬರುತ್ತವೆ. ಮಂಗೋಲಿಯಾದಲ್ಲಿ ಕುತ್ತಿಗೆಗೆ ನಂಬರಿನ ಪಟ್ಟಿ ಹಾಕಿ ಬಿಟ್ಟಿದ್ದನ್ನು ಮೈಸೂರು ಕಡೆಯ ಕೆರೆಗಳಲ್ಲಿ ನಮ್ಮವರು ಓದಿದ್ದಾರೆ. ಹಕ್ಕಿ ಅಲ್ಲಿಂದ ಇಲ್ಲಿಗೆ ಬಂತು ಅಂತ ಗೊತ್ತಾಗಿದ್ದು ಯಾರೋ ಟೆಲಿಸ್ಕೋಪಿನಲ್ಲಿ ನಂಬರು ಓದಿ ಬರೆದು ಕಳಿಸಿದ್ದರಿಂದ.

ತಾರೀಖಿಲ್ಲದ ನೆನಪನ್ನು ಇ-ಬರ್ಡ್‌ಗೆ ಹಾಕಬೇಡಿ. ಪಂಚಾಯಿತಿ ಪುಸ್ತಕಕ್ಕೆ ಹಾಕಿ, ಅದು ಇರುವುದೇ ಇಂಥ ಮಾತಿಗೆ. ಗೌಡರ ವಯಸ್ಸು, ಅವರು ಹೇಳಿದ ತಾರೀಖು, ಯಾವ ಹೊಲ, ಯಾವ ಬೆಳೆ ಎಲ್ಲ ಬರೆಯಿರಿ. ತಗಡು ಬಡಿದಿದ್ದನ್ನೂ ಬಿಡಬೇಡಿ.

ಏರಿ ಮೇಷ್ಟ್ರು · ಭಾನುವಾರ ರಾತ್ರಿ

ಸರಿ ಸರ್. ಜನವರಿ ಗಣತಿಗೆ ನಮ್ಮ ಕೆರೆ ಸೇರಿಸಬೇಕು ಅಂತಿದ್ದೇನೆ. ಯಾರ ಹತ್ತಿರವಾದರೂ ಟೆಲಿಸ್ಕೋಪ್ ಇದ್ದರೆ ಒಂದು ದಿನಕ್ಕೆ ತರಬಹುದಾ? ತಿಂಡಿ ನಮ್ಮ ಮನೆಯಲ್ಲಿ. ನಮ್ಮ ಬೈನಾಕ್ಯುಲರಿನಲ್ಲಿ ಗುಳುಮುಳುಕ ಎಣಿಸುವುದೇ ಕಷ್ಟ. ಇವತ್ತು ಒಬ್ಬ ಹದಿನೇಳು ಅಂದ, ಇನ್ನೊಬ್ಬ ಹತ್ತೊಂಬತ್ತು ಅಂದ. ಒಂದು ಏಳುವಷ್ಟರಲ್ಲಿ ಎರಡು ಮುಳುಗಿರುತ್ತವೆ.

ಕಾಫಿ ಗಿಡ · ಸೋಮವಾರ ಬೆಳಿಗ್ಗೆ

ನನ್ನ ಹತ್ತಿರ ಇದೆ, ತರುತ್ತೇನೆ. ಆನೆ ಮೆಸೇಜು ಬರದೇ ಇದ್ದರೆ ಹಿಂದಿನ ಸಂಜೆಯೇ ಹೊರಡುತ್ತೇನೆ.